ಗ್ಯಾರೇಜ್ ಪ್ರಶ್ನೋತ್ತರ: ಹಳೇ ಬುಲ್ಟಾಕೊಗೆ ಹೊಸ ಫೋರ್ಕ್ ಬೇಕಾ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಈಗ ಇಂಗ್ಲೆಂಡಿನ ಬ್ರಾಡ್‌ಫೋರ್ಡ್‌ನಲ್ಲಿ ಕೆಲಸ. ಆಫೀಸಿನ ಗೆಳೆಯರ ಸಹವಾಸದಿಂದ ಟ್ರಯಲ್ಸ್ ಹುಚ್ಚು ಹತ್ತಿಕೊಂಡು 1975ರ ಬುಲ್ಟಾಕೊ ಶೆರ್ಪಾ ಟಿ 350 ತಗೊಂಡೆ. ಎಂಜಿನ್ ಚೆನ್ನಾಗಿದೆ. ಮುಂದಿನ ಫೋರ್ಕ್ (ಚಕ್ರ ಹಿಡಿದಿರೋ ಸ್ಪ್ರಿಂಗ್ ಕಾಲುಗಳು) ಮಾತ್ರ ತಲೆನೋವು. ಬ್ರೇಕ್ ಹಿಡಿದರೆ ಮೂಗು ಮುಗ್ಗರಿಸುತ್ತೆ. ಕಲ್ಲಿನ ಮೇಲೆ ಚಕ್ರ ಪುಟಿಯುತ್ತೆ. ಇಳಿಜಾರಿನಲ್ಲಿ ತಿರುಗಿಸಿದರೆ ಹ್ಯಾಂಡಲ್ ತಾನಾಗಿ ಒಳಕ್ಕೆ ಬೀಳುತ್ತೆ. ಹಿಂದಿನ ಮಾಲೀಕರು ದಪ್ಪ ಆಯಿಲ್ ಹಾಕಿ ಕೊಟ್ಟಿದ್ದಾರೆ. ಗಾಡಿ ಪೆಟ್ರೋಲ್ ಸಮೇತ 98 ಕೆ.ಜಿ., ನಾನು ಬೂಟು ಹೆಲ್ಮೆಟ್ ಸಮೇತ 84 ಕೆ.ಜಿ. ಫೋರ್ಕಿನ ಪೂರ್ತಿ ಓಡಾಟ ಅಳೆದೆ, 165 ಮಿ.ಮೀ. ಬಂತು. ಈಗಿನ ಟ್ರಯಲ್ಸ್ ಬೈಕಿನ ಫೋರ್ಕ್ ಕೂರಿಸಲಾ, ಎಮ್ಯುಲೇಟರ್ ವಾಲ್ವ್ ಹಾಕಿಸಲಾ, ಇಲ್ಲ ಸ್ಪ್ರಿಂಗ್ ಬದಲಾಯಿಸಲಾ?

ಉತ್ತರ: ಸ್ಪ್ರಿಂಗ್. ಆದರೆ ಅದಕ್ಕೂ ಮೊದಲು ಮಾಡಬೇಕಾದ್ದು ಬೇರೆ ಇದೆ, ಅದಕ್ಕೆ ದುಡ್ಡು ಜಾಸ್ತಿ ಬೇಕಿಲ್ಲ.

ಟ್ರಯಲ್ಸ್ ಅಂದರೆ ಏನು ಅಂತ ಉಳಿದ ಓದುಗರಿಗೆ ಎರಡು ಮಾತು. ಇದು ರೇಸ್ ಅಲ್ಲ. ಹಳ್ಳ, ಬಂಡೆ, ಕೆಸರು, ಮರದ ಬೇರು ಇರೋ ಕಡೆ ಹಗ್ಗ ಕಟ್ಟಿ ಗುರುತು ಮಾಡಿದ ಒಂದೊಂದು ತುಂಡು ದಾರಿ ಇರುತ್ತೆ. ಕಾಲು ಊರದೆ ದಾಟಿದರೆ ಸೊನ್ನೆ. ಒಂದು ಸಲ ಕಾಲಿಟ್ಟರೆ 1, ಎರಡು ಸಲಕ್ಕೆ 2, ಮೂರು ಅಥವಾ ಅದಕ್ಕಿಂತ ಜಾಸ್ತಿಗೆ 3, ಬಿದ್ದರೆ ಅಥವಾ ದಾಟಲಾಗದಿದ್ದರೆ 5. ಕಡಿಮೆ ಅಂಕ ಬಂದವರು ಗೆದ್ದ ಹಾಗೆ. ಎಷ್ಟೋ ಕಡೆ ಗಾಡಿ ನಡಿಗೆಯ ವೇಗದಲ್ಲೇ ಇರುತ್ತೆ. ಸವಾರರು ಪೂರ್ತಿ ಹೊತ್ತು ಪೆಗ್ (ಕಾಲಿಡೋ ಕಂಬಿ) ಮೇಲೆ ನಿಂತಿರುತ್ತಾರೆ. ಈ ನಡಿಗೆಯ ವೇಗ ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ನಾನು ಹೇಳೋದೆಲ್ಲ ಅದರ ಮೇಲೇ ನಿಂತಿದೆ.

ನೀವು ತಗೊಂಡ ಗಾಡಿ ಸಾಮಾನ್ಯದ್ದಲ್ಲ. ಟ್ರಯಲ್ಸ್ ಸವಾರ ಸ್ಯಾಮಿ ಮಿಲ್ಲರ್ 1964ರಲ್ಲಿ ಬ್ರಿಟನ್ನಿನ ಏರಿಯಲ್ ಕಂಪನಿ ಬಿಟ್ಟು ಬಾರ್ಸಿಲೋನಾದ ಬುಲ್ಟಾಕೊ ಜೊತೆ ಸೇರಿ ಶೆರ್ಪಾ ಟಿ ತಯಾರು ಮಾಡಿಸಿದರು. ಮರುವರ್ಷವೇ ಅದರಲ್ಲಿ ಸ್ಕಾಟ್ಲೆಂಡಿನ ಆರು ದಿನದ ಸ್ಪರ್ಧೆ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಗೆದ್ದರು. ಬ್ರಿಟನ್ನಿನ ದೊಡ್ಡ ಭಾರದ ನಾಲ್ಕು-ಸ್ಟ್ರೋಕ್ ಟ್ರಯಲ್ಸ್ ಗಾಡಿಗಳ ಕಾಲ ಅಲ್ಲಿಗೆ ಮುಗಿಯಿತು ಅಂತಲೇ ಹೇಳಬೇಕು. ನಿಮ್ಮ ಗಾಡಿ ಹುಟ್ಟಿದ 1975ರಲ್ಲಿ ವಿಶ್ವ ಟ್ರಯಲ್ಸ್ ಚಾಂಪಿಯನ್‌ಶಿಪ್ ಮೊದಲ ಸಲ ನಡೆಯಿತು. ಗೆದ್ದವರು ಮಾರ್ಟಿನ್ ಲ್ಯಾಂಪ್‌ಕಿನ್, ಬುಲ್ಟಾಕೊ ಮೇಲೆ. ಅವರ ಊರು ಸಿಲ್ಸ್‌ಡನ್, ನಿಮ್ಮ ಬ್ರಾಡ್‌ಫೋರ್ಡ್‌ನಿಂದ ಅಲ್ಲೇ ಪಕ್ಕ, ನಾನಿರೋ ಕೀತ್ಲಿಗೆ ಇನ್ನೂ ಹತ್ತಿರ. ಆಮೇಲಿನ ಮೂರು ವರ್ಷ ಫಿನ್‌ಲೆಂಡಿನ ಉರ್ಯೊ ವೆಸ್ಟರಿನೆನ್, 1979ರಲ್ಲಿ ಅಮೆರಿಕದ ಬರ್ನಿ ಶ್ರೈಬರ್, ಅವರೂ ಬುಲ್ಟಾಕೊ ಮೇಲೇ. ಅಂದರೆ ಈ ಫೋರ್ಕಿನ ಮೂಲ ವಿನ್ಯಾಸ ಕೆಟ್ಟದ್ದಲ್ಲ. ಐವತ್ತು ವರ್ಷದಲ್ಲಿ ಅದಕ್ಕೆ ಏನಾಗಿದೆ ಅನ್ನೋದು ಪ್ರಶ್ನೆ.

ಮೊದಲು ಒಂದು ಪರೀಕ್ಷೆ ಮಾಡಿ. ಫೋರ್ಕ್ ಪೈಪಿಗೆ ಗುರುತಿಗಾಗಿ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ. ನೀವು ಪೂರ್ತಿ ಡ್ರೆಸ್ಸಿನಲ್ಲಿ ಪೆಗ್ ಮೇಲೆ ನಿಲ್ಲಿ, ಗೆಳೆಯರೊಬ್ಬರು ಗಾಡಿ ಹಿಡಿದುಕೊಳ್ಳಲಿ, ಇನ್ನೊಬ್ಬರು ಅಳೆಯಲಿ. ಮೊದಲು ಹ್ಯಾಂಡಲ್ ಚೆನ್ನಾಗಿ ಒತ್ತಿ, ನಿಧಾನಕ್ಕೆ ಬಿಡಿ. ಫೋರ್ಕ್ ಎಲ್ಲಿಗೆ ಬಂದು ನಿಂತಿತೋ ಅಳೆಯಿರಿ. ಆಮೇಲೆ ಹ್ಯಾಂಡಲ್ ಮೇಲಕ್ಕೆ ಎಳೆದು ನಿಧಾನಕ್ಕೆ ಇಳಿಸಿ. ಈಗ ಮತ್ತೆ ಅಳೆಯಿರಿ. ಎರಡೂ ಅಳತೆ ಒಂದೇ ಬರಲ್ಲ. ಆ ವ್ಯತ್ಯಾಸವೇ ಫೋರ್ಕಿನ ಒಳಗಿನ ಉಜ್ಜಾಟ. ಅದು 10 ಮಿ.ಮೀ. ಒಳಗಿದ್ದರೆ ಹಳೇ ಫೋರ್ಕಿಗೆ ಮೆಚ್ಚಬೇಕು. 25 ದಾಟಿದರೆ ಸ್ಪ್ರಿಂಗ್, ವಾಲ್ವ್ ಯಾವುದರ ಮಾತೂ ಈಗ ಬೇಡ. ಮಳೆಗಾಲದಲ್ಲಿ ಉಬ್ಬಿದ ಬಾಗಿಲಿನ ಥರ ಆ ಫೋರ್ಕ್ ಮೊದಲು ಅಲುಗಾಡಲ್ಲ, ಆಮೇಲೆ ಒಮ್ಮೆಲೇ ಜಾರುತ್ತೆ. ಸಣ್ಣ ಕಲ್ಲಿಗೆ ಚಕ್ರ ಪುಟಿಯೋದು ಇದರಿಂದಲೇ. ರಸ್ತೆಯಲ್ಲಿ 60ರ ವೇಗದಲ್ಲಿ ಹೋಗೋವಾಗ ಈ ಉಜ್ಜಾಟ ಗೊತ್ತೇ ಆಗಲ್ಲ, ಏಟು ಅಷ್ಟು ಜೋರಾಗಿರುತ್ತೆ. ನಡಿಗೆಯ ವೇಗದಲ್ಲಿ ಅದೇ ರಾಜ.

ಹಾಗಾಗಿ ಬಿಚ್ಚಿ. ಡ್ರೈನ್ ಮಾಡೋವಾಗ ಆಯಿಲ್ ಬಣ್ಣ ನೋಡಿ. ಬೂದಿ ಬಣ್ಣಕ್ಕೆ ತಿರುಗಿ ಕೆಟ್ಟ ಮೀನಿನ ವಾಸನೆ ಹೊಡೆದರೆ ವರ್ಷಾನುಗಟ್ಟಲೆ ಯಾರೂ ಮುಟ್ಟಿಲ್ಲ ಅಂತ ಅರ್ಥ. ಬೆರಳಲ್ಲಿ ತಿಕ್ಕಿದರೆ ಬೆಳ್ಳಿ ಪುಡಿ ಥಳಥಳ ಅಂದರೆ ಅದು ಬಾಟಮ್ಮಿನ, ಅಂದರೆ ಪೈಪ್ ಒಳಗೆ ಜಾರೋ ಕೆಳಗಿನ ಕೊಳವೆಯ, ಅಲ್ಯುಮಿನಿಯಂ. ಆ ಕಾಲದ ಎಷ್ಟೋ ಫೋರ್ಕುಗಳಲ್ಲಿ ಬೇರೆ ಬುಶ್ (ಸವೆದರೆ ಬದಲಾಯಿಸೋ ಒಳಬಳೆ) ಇರೋದಿಲ್ಲ, ಕ್ರೋಮ್ ಪೈಪ್ ನೇರವಾಗಿ ಅಲ್ಯುಮಿನಿಯಂ ಮೇಲೇ ಜಾರುತ್ತೆ. ಪೈಪನ್ನು ಪೂರ್ತಿ ಹೊರಗೆಳೆದು ಹಿಂದೆ ಮುಂದೆ ಅಲ್ಲಾಡಿಸಿ. ಪ್ಲೇ ಕೈಗೆ ಸಿಗುವಷ್ಟಿದ್ದರೆ ಬಾಟಮ್ ಬೋರ್ ಮಾಡಿಸಿ ಬುಶ್ ಹಾಕಿಸಬೇಕು. ಒಳ್ಳೆ ಲೇತ್‌ನವರು ಮಾಡಿಕೊಡುತ್ತಾರೆ, ಆದರೆ ಪುಸಲಾಯಿಸಿ ಕೇಳಬೇಕು, ಯಾಕಂದರೆ ಉದ್ದ ಕೆಲಸ, ಕೂಲಿ ಕಮ್ಮಿ.

ಪೈಪ್ ಬೆಂಡ್ ಇದೆಯಾ ಅಂತ ಕಣ್ಣಲ್ಲಿ ನೋಡಿ ನಂಬಬೇಡಿ. ವಿ-ಬ್ಲಾಕ್ ಮೇಲಿಟ್ಟು ಡಯಲ್ ಗೇಜ್ ಹಿಡಿದು ತಿರುಗಿಸಿ. ಅದಿಲ್ಲದಿದ್ದರೆ ದಪ್ಪ ಗಾಜಿನ ಮೇಲೆ ಉರುಳಿಸಿ, ಅಡಿಯಲ್ಲಿ ಬೆಳಕು ಎಲ್ಲಿ ನುಸುಳುತ್ತೆ ನೋಡಿ. ಅದೇ ಗಾಜನ್ನು ಫೋರ್ಕ್ ಜೋಡಿಸಿದ ಮೇಲೆ ಎರಡೂ ಪೈಪಿಗೆ ಅಡ್ಡ ಒರಗಿಸಿದರೆ ಟಿ (ಎರಡೂ ಪೈಪನ್ನ ಹಿಡಿದಿಡೋ ಅಡ್ಡ ತುಂಡು) ತಿರುಚಿದೆಯಾ ಅನ್ನೋದೂ ಗೊತ್ತಾಗುತ್ತೆ. ಗಾಜು ನಾಲ್ಕೂ ಕಡೆ ತಾಗಬೇಕು. ಒಂದು ಮೂಲೆ ಟಕಟಕ ಅಂದರೆ ಕೆಳಗಿನ ಟಿ ಬೋಲ್ಟುಗಳನ್ನ ಸಡಿಲಿಸಿ, ಚಕ್ರ ಕಾಲಲ್ಲಿ ಹಿಡಿದು ಹ್ಯಾಂಡಲ್ ತಿರುಗಿಸಿ ಸರಿ ಮಾಡಿ. ಟ್ರಯಲ್ಸ್ ಗಾಡಿ ಬೀಳೋದಕ್ಕೇ ಇರೋದು, ಇದು ಆಗಾಗ ಮಾಡೋ ಕೆಲಸ.

ಚಕ್ರ ಹಾಕೋದರಲ್ಲೇ ಅರ್ಧ ಜನ ಉಜ್ಜಾಟ ತಂದುಕೊಳ್ಳುತ್ತಾರೆ. ಆಕ್ಸಲ್ ನಟ್ ಬಿಗಿ ಮಾಡಿ, ಆದರೆ ಬಾಟಮ್ಮಿನ ಕ್ಲ್ಯಾಂಪ್ ಬೋಲ್ಟ್ ಸಡಿಲ ಬಿಡಿ. ಸ್ಟ್ಯಾಂಡ್ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಜೋರಾಗಿ ನಾಲ್ಕಾರು ಸಲ ಪಂಪ್ ಮಾಡಿ. ಆ ಬಾಟಮ್ ಆಕ್ಸಲ್ ಮೇಲೆ ಜಾರಿ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತೆ. ಆಮೇಲೆ ಕ್ಲ್ಯಾಂಪ್ ಬಿಗಿ ಮಾಡಿ. ಇದನ್ನ ಮಾಡದೆ ಬಿಗಿ ಮಾಡಿದರೆ ಫೋರ್ಕಿನ ಎರಡು ಕಾಲೂ ಒಂದನ್ನೊಂದು ಒಳಕ್ಕೆ ಎಳೆದು ಹಿಡಿಯುತ್ತವೆ, ಯಾವ ದುಬಾರಿ ಸೀಲೂ ಉಳಿಸಲ್ಲ. ಹಾಗೇ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗೋ ಬೇರಿಂಗ್, ನೋಡಿ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವಿನಲ್ಲಿ ಕಚ್ಚಿ ನಿಂತ ಹಾಗೆ ಅನಿಸಿದರೆ ಬಾಲ್ ಕೂತ ಕಡೆ ಗುಳಿ ಬಿದ್ದಿದೆ. ನೀವು ಫೋರ್ಕಿನ ದೋಷ ಅಂದುಕೊಂಡದ್ದರಲ್ಲಿ ಇದರ ಪಾಲೂ ಇರಬಹುದು.

ಈಗ ಸ್ಪ್ರಿಂಗ್. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ನೀವು ಅಂಕಿ ಕೊಟ್ಟಿದ್ದೀರಲ್ಲ.

ಗಾಡಿ 98, ನೀವು 84, ಒಟ್ಟು 182 ಕೆ.ಜಿ. ಪೆಗ್ ಮೇಲೆ ನಿಂತಾಗ ಮುಂದಿನ ಚಕ್ರಕ್ಕೆ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಬೀಳುತ್ತೆ. ಸುಮಾರು 85 ಅಂತ ಇಟ್ಟುಕೊಳ್ಳಿ. ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಮುಂದಿನ ಚಕ್ರ, ಹಿಂದಿನ ಚಕ್ರದ ಕೆಳಗೆ ಅಷ್ಟೇ ಎತ್ತರದ ಹಲಗೆ ಇಟ್ಟು ನೋಡಿದರೆ ಸರಿಯಾದ ಅಂಕಿ ಸಿಗುತ್ತೆ. ಇದರಲ್ಲಿ ಚಕ್ರ, ಡ್ರಮ್, ಬಾಟಮ್ ಇವೆಲ್ಲ ಸ್ಪ್ರಿಂಗಿನ ಕೆಳಗಿರೋವು, ಸುಮಾರು 13 ಕೆ.ಜಿ. ಅದನ್ನ ಕಳೆದರೆ 72. ಫೋರ್ಕಿನ ಒಂದೊಂದು ಕಾಲಿಗೆ 36 ಕೆ.ಜಿ.

ಸ್ಪ್ರಿಂಗಿನ ಬಲ ಅಳೆಯೋದಕ್ಕೆ ಯಾವ ಲ್ಯಾಬೂ ಬೇಡ. ಸ್ಪ್ರಿಂಗ್ ಬಾಗದ ಹಾಗೆ ಒಳಗೆ ಒಂದು ಸರಳು ತೂರಿಸಿ. ಅದೇ ತೂಕದ ಯಂತ್ರದ ಮೇಲೆ ನಿಲ್ಲಿಸಿ ಸ್ಟ್ಯಾಂಡ್ ಮೇಲಿನ ಡ್ರಿಲ್ಲಿಂಗ್ ಮಷೀನಿನ ಹಿಡಿಯಿಂದ ಒತ್ತಿ. ಮೊದಲ 20 ಮಿ.ಮೀ. ಬಿಟ್ಟುಬಿಡಿ. ಅಲ್ಲಿಂದ ಇನ್ನೂ 50 ಮಿ.ಮೀ. ಒತ್ತಿದಾಗ ತೂಕ ಎಷ್ಟು ಏರಿತು ನೋಡಿ. 18 ಕೆ.ಜಿ. ಏರಿದರೆ ಒಂದು ಮಿ.ಮೀ.ಗೆ 0.36 ಕೆ.ಜಿ. ಎರಡೂ ಸ್ಪ್ರಿಂಗ್ ಅಳೆಯಿರಿ. ಹಳೇ ಗಾಡಿಗಳಲ್ಲಿ ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಇರೋದು ಹೊಸದೇನಲ್ಲ.

ಸ್ಪ್ರಿಂಗ್ ಹಳೇದಾದರೆ ಮೆತ್ತಗಾಗುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಅದು ಮೆತ್ತಗಾಗಲ್ಲ, ಗಿಡ್ಡ ಆಗುತ್ತೆ. ತಂತಿಯ ದಪ್ಪ, ಸುತ್ತಿನ ಅಗಲ, ಸುತ್ತುಗಳ ಸಂಖ್ಯೆ ಬದಲಾಗದೆ ಬಲ ಬದಲಾಗೋದು ಹೇಗೆ? ಉದ್ದ ಕಮ್ಮಿಯಾದಾಗ ಜೋಡಣೆಯಲ್ಲೇ ಇರಬೇಕಾದ ಒತ್ತಡ ಹೋಗುತ್ತೆ, ಗಾಡಿ ಕೆಳಗೆ ಕೂರುತ್ತೆ. ನಮ್ಮ ಕಡೆ ಪೈಪಿನ ಬಾಯಿ ಮುಚ್ಚೋ ಕ್ಯಾಪ್ ಕೆಳಗೆ ವಾಷರ್ ತುಂಬೋದು, ಇಲ್ಲಿನವರು ಹಳೇ ಪೆನ್ನಿ ನಾಣ್ಯ ತುಂಬೋದು ಇದಕ್ಕೇ.

ನಿಮ್ಮ ಸ್ಪ್ರಿಂಗ್ 0.36 ಅಂತಲೇ ಇಟ್ಟುಕೊಂಡರೆ, 36 ಕೆ.ಜಿ. ಹೊರೋದಕ್ಕೆ ಅದು 100 ಮಿ.ಮೀ. ಕುಗ್ಗಬೇಕು. ಕ್ಯಾಪ್ ಹಾಕಿದಾಗಲೇ 20 ಕುಗ್ಗಿದ್ದರೆ ಉಳಿದ 80 ಮಿ.ಮೀ. ನೀವು ನಿಂತ ತಕ್ಷಣ ಕೆಳಗಿಳಿಯುತ್ತೆ. 165ರಲ್ಲಿ ಅರ್ಧ ನಿಂತಾಗಲೇ ಖರ್ಚು! ಬ್ರೇಕ್ ಹಿಡಿದರೆ ಮೂಗು ಮುಗ್ಗರಿಸದೆ ಇನ್ನೇನು ಮಾಡುತ್ತೆ? ಮೂರರಲ್ಲಿ ಒಂದು ಪಾಲು, ಅಂದರೆ 55 ಮಿ.ಮೀ. ಆಸುಪಾಸು ಇಳಿಯೋದು ಹದ. 0.45ರ ಸ್ಪ್ರಿಂಗ್ ಹಾಕಿ, ಕ್ಯಾಪಿನಲ್ಲಿ 25 ಕುಗ್ಗಿಸಿದರೆ ಸರಿಯಾಗಿ 55 ಬರುತ್ತೆ.

ಹಳೇ ಸ್ಪ್ರಿಂಗಿಗೇ ಪೈಪ್ ತುಂಡು ಇಟ್ಟು 45 ಮಿ.ಮೀ. ಕುಗ್ಗಿಸಿದರೂ 55 ಬರುತ್ತಲ್ಲ ಅಂತ ನೀವು ಕೇಳುತ್ತೀರಿ, ಗೊತ್ತು. ಬರುತ್ತೆ. ಪುಕ್ಕಟೆಯೂ ಹೌದು. ಮೊದಲು ಅದನ್ನೇ ಮಾಡಿ ಒಂದು ಭಾನುವಾರ ಓಡಿಸಿ ನೋಡಿ, ತಪ್ಪೇನಿಲ್ಲ. ಆದರೆ ಎರಡು ತುದಿಯಲ್ಲೂ ವ್ಯತ್ಯಾಸ ಕಾಣುತ್ತೆ. ಪೂರ್ತಿ ಕುಗ್ಗಿದಾಗ ಹಳೇ ಜೋಡಿ ಹೊರೋದು 151 ಕೆ.ಜಿ., 0.45ರ ಜೋಡಿ 171. ಬಂಡೆಯಿಂದ ಧೊಪ್ಪನೆ ಇಳಿದಾಗ ಆ 20 ಕೆ.ಜಿ. ಬೇಕು. ಇನ್ನೊಂದು ತುದಿಯಲ್ಲಿ ಉಲ್ಟಾ. ಮೆತ್ತನೆ ಸ್ಪ್ರಿಂಗನ್ನ ತುಂಬಾ ಕುಗ್ಗಿಸಿಟ್ಟರೆ ಮುಂದಿನ ಚಕ್ರ ಹಗುರಾದ ಕೂಡಲೇ ಫೋರ್ಕ್ ಟಪ್ ಅಂತ ಪೂರ್ತಿ ಚಾಚಿಕೊಂಡು ಹೊಡೆಯುತ್ತೆ. ಟ್ರಯಲ್ಸ್‌ನಲ್ಲಿ ಚಕ್ರ ಹಗುರ ಮಾಡೋದೇ ಆಟ ಅಲ್ವಾ? ಸ್ಪ್ರಿಂಗ್ ತರಿಸೋವಾಗ ಇನ್ನೊಂದು ನೋಡಿ: ಪೂರ್ತಿ 190 ಮಿ.ಮೀ. ಕುಗ್ಗಿದಾಗಲೂ ಸುತ್ತುಗಳು ಒಂದಕ್ಕೊಂದು ತಾಗಬಾರದು. ತಂತಿಯ ದಪ್ಪವನ್ನ ಸುತ್ತುಗಳ ಸಂಖ್ಯೆಯಿಂದ ಗುಣಿಸಿ, ಸ್ಪ್ರಿಂಗಿನ ಉದ್ದದಿಂದ ಕಳೆದರೆ ಎಷ್ಟು ಜಾಗ ಇದೆ ಅಂತ ಸಿಗುತ್ತೆ.

ಮೂಗು ಎತ್ತರವಾದ ಮೇಲೆ ಸ್ಟಿಯರಿಂಗ್ ಬದಲಾಗುತ್ತೆ. ಇದನ್ನ ಯಾರೂ ಹೇಳಲ್ಲ. 80ರಿಂದ 55ಕ್ಕೆ ಬಂದರೆ ಮುಂಭಾಗ 25 ಮಿ.ಮೀ. ಮೇಲೇರಿತು. ಎರಡು ಚಕ್ರದ ನಡುವೆ ಸುಮಾರು 1300 ಮಿ.ಮೀ. ಇರೋ ಗಾಡಿಗೆ ಅದು ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ನಿಮ್ಮ ಹ್ಯಾಂಡಲ್ ಒಳಕ್ಕೆ ಬೀಳೋದು ಇದರಿಂದಲೇ ನಿಲ್ಲಬಹುದು, ಯಾಕಂದರೆ ಮೂಗು ತಗ್ಗಿದ್ದಾಗ ಫೋರ್ಕ್ ತೀರಾ ನೆಟ್ಟಗಾಗಿತ್ತು. ಕಿರಿದಾದ ತಿರುವಿನಲ್ಲಿ ಈಗ ಅಗಲಕ್ಕೆ ಹೋಗುತ್ತೆ ಅನಿಸಿದರೆ ಟಿ ಸಡಿಲಿಸಿ ಪೈಪುಗಳನ್ನ 5 ಮಿ.ಮೀ. ಮೇಲಕ್ಕೆ ಜಾರಿಸಿ. ಸಾಲದಿದ್ದರೆ ಇನ್ನೂ 5. ಚಕ್ರ ಪೂರ್ತಿ ಮೇಲೆ ಬಂದಾಗ ಮಡ್‌ಗಾರ್ಡ್ ಕೆಳಗಿನ ಟಿಗೆ ತಾಗದ ಹಾಗೆ ನೋಡಿಕೊಳ್ಳಿ.

ಆ ದಪ್ಪ ಆಯಿಲ್ ಚೆಲ್ಲಿಬಿಡಿ. ಹಿಂದಿನವರು ಮೂಗು ಮುಗ್ಗರಿಸೋದನ್ನ ಆಯಿಲ್‌ನಿಂದ ತಡೆಯೋಕೆ ಹೋಗಿದ್ದಾರೆ. ಈ ಫೋರ್ಕಿನೊಳಗೆ ಇರೋದು ತೂತು ಕೊರೆದ ಒಂದು ರಾಡ್. ಆಯಿಲ್ ಆ ತೂತಿನಲ್ಲಿ ನುಗ್ಗಬೇಕು. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತೆ. ಹಾಗಾಗಿ ನಿಧಾನಕ್ಕೆ ಒತ್ತಿದಾಗ ತಡೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಚೂಪಾದ ಏಟು ಬಿದ್ದರೆ ಫೋರ್ಕ್ ಕಲ್ಲಾಗುತ್ತೆ. ಆಯಿಲ್ ದಪ್ಪ ಮಾಡಿದರೆ ಆ ಕಲ್ಲಾಗೋದು ಮಾತ್ರ ಜಾಸ್ತಿಯಾಗುತ್ತೆ. ಇನ್ನೂ ಕೆಟ್ಟದ್ದು, ಕುಗ್ಗಿದ ಫೋರ್ಕ್ ಮುಂದಿನ ಕಲ್ಲಿಗೆ ಮೊದಲು ವಾಪಸ್ ಬರಲ್ಲ. ಸಾಲಾಗಿ ಕಲ್ಲಿರೋ ಹಳ್ಳದಲ್ಲಿ ಒಂದೊಂದಕ್ಕೂ ಇನ್ನಷ್ಟು ಕುಗ್ಗುತ್ತಾ ಹೋಗಿ ಕೊನೆಗೆ ಮರದ ದಿಮ್ಮಿ. ಜನವರಿಯಲ್ಲಿ ಯಾರ್ಕ್‌ಷೈರ್‌ನ ಚಳಿಗೆ ಆಯಿಲ್ ಇನ್ನೂ ಗಟ್ಟಿಯಾಗುತ್ತೆ, ಅದು ಬೇರೆ. 5 ಅಥವಾ 7.5 ನಂಬರಿನ ಫೋರ್ಕ್ ಆಯಿಲ್‌ನಿಂದ ಶುರು ಮಾಡಿ. ಡಬ್ಬಿಯ ಮೇಲಿನ ಅಂಕಿಯನ್ನ ಪೂರ್ತಿ ನಂಬಬೇಡಿ, ಒಂದು ಕಂಪನಿಯ 10 ಇನ್ನೊಂದರ 7.5ರಷ್ಟೇ ಇರಬಹುದು. 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ (ಆಯಿಲ್ ದಪ್ಪದ ಅಳತೆ) ಅಂತ ಡೇಟಾ ಶೀಟಿನಲ್ಲಿ ಇರುತ್ತೆ, ಹೋಲಿಸೋದು ಅದನ್ನ.

ಆಯಿಲ್ ಎಷ್ಟು ಅನ್ನೋದಕ್ಕೆ ಮ್ಯಾನ್ಯುಯಲ್‌ನ ಪ್ರಮಾಣ ಹಾಕಿ, ಸ್ಪ್ರಿಂಗ್ ಇಲ್ಲದೆ ಫೋರ್ಕ್ ಪೂರ್ತಿ ಕುಗ್ಗಿಸಿ, ಪೈಪಿನ ಬಾಯಿಂದ ಆಯಿಲ್‌ವರೆಗೆ ಅಳೆದು ಬರೆದಿಡಿ. ಎರಡೂ ಕಡೆ ಮಿ.ಮೀ. ಲೆಕ್ಕದಲ್ಲಿ ಒಂದೇ ಇರಬೇಕು. ಆಯಿಲ್ ಮೇಲಿನ ಗಾಳಿಯೂ ಒಂದು ಸ್ಪ್ರಿಂಗೇ. ಕೊನೆಯ 30-40 ಮಿ.ಮೀ.ನಲ್ಲಿ ಅದು ಕೆಲಸ ಮಾಡುತ್ತೆ. ಎಲ್ಲ ಸರಿಯಿದ್ದೂ ದೊಡ್ಡ ಇಳಿತದಲ್ಲಿ ಮಾತ್ರ ಫೋರ್ಕ್ ತಳ ಹೊಡೆದರೆ ಆಯಿಲ್ ಮಟ್ಟ 10 ಮಿ.ಮೀ. ಏರಿಸಿ. ಸ್ಪ್ರಿಂಗ್ ಮುಟ್ಟಬೇಡಿ.

ಇಷ್ಟಾದ ಮೇಲೆ ಎಮ್ಯುಲೇಟರ್ ಬೇಕಾ? ಅದು ರಾಡಿನ ತಲೆಯ ಮೇಲೆ ಕೂರೋ ಒಂದು ವಾಲ್ವ್. ಜೋರಾದ ಏಟಿಗೆ ಬಾಯಿ ಬಿಟ್ಟು ಆಯಿಲ್‌ಗೆ ದಾರಿ ಕೊಡುತ್ತೆ. ರಸ್ತೆ ಗಾಡಿಗೆ, ಮೋಟೋಕ್ರಾಸ್‌ಗೆ ನಿಜಕ್ಕೂ ಒಳ್ಳೇದು. ನಿಮ್ಮ ಗಾಡಿಯ ಬದುಕು ಕಳೆಯೋದು ಆ ವಾಲ್ವ್ ಬಾಯಿ ಬಿಡೋದಕ್ಕಿಂತ ಕೆಳಗಿನ ವೇಗದಲ್ಲಿ. ಮೇಲಾಗಿ ಅದನ್ನ ಹಾಕೋದಕ್ಕೆ ರಾಡಿನ ತೂತುಗಳನ್ನ ದೊಡ್ಡದಾಗಿ ಕೊರೆಯಬೇಕು. ಆಮೇಲೆ ಹಿಂದಕ್ಕೆ ಬರೋ ದಾರಿ ಇಲ್ಲ, ಇನ್ನೊಂದು ರಾಡ್ ಹುಡುಕಬೇಕು. ನಾನಾದರೆ ಹಾಕಲ್ಲ.

ಈಗಿನ ಬೈಕಿನ ಫೋರ್ಕ್ ಬಗ್ಗೆ ಖಡಾಖಂಡಿತ ಬೇಡ. ಅದು ಡಿಸ್ಕ್ ಬ್ರೇಕಿನದು, ಚಕ್ರವೂ ಬದಲಾಗಬೇಕು. ಟ್ವಿನ್‌ಶಾಕ್ ಕ್ಲಾಸಿನಲ್ಲಿ ಹಿಂದೆ ಎರಡು ಶಾಕಪ್, ಎರಡೂ ಚಕ್ರಕ್ಕೆ ಡ್ರಮ್ ಅನ್ನೋದು ಸಾಮಾನ್ಯ ನಿಯಮ. ಡಿಸ್ಕ್ ಕಂಡ ಕೂಡಲೇ ನಿಮ್ಮನ್ನ ಹೊಸ ಗಾಡಿಗಳ ಜೊತೆ ನಿಲ್ಲಿಸುತ್ತಾರೆ, ಅಲ್ಲಿ ನಿಮಗೆ ಐದರ ಮೇಲೆ ಐದು. ಫೋರ್ಕಿನ ಉದ್ದ, ಆಕ್ಸಲ್ ಎಷ್ಟು ಮುಂದಿದೆ, ಟಿ ಎಷ್ಟು ಮುಂದಿದೆ, ಇವೆಲ್ಲ ಬೇರೆಯಾಗಿ ಸ್ಟಿಯರಿಂಗ್ ಲೆಕ್ಕ ಹೊಸದಾಗಿ ಮಾಡಬೇಕಾಗುತ್ತೆ. ಹಾಕಲೇಬೇಕು ಅಂತಿದ್ದರೆ ಫ್ಯಾಂಟಿಕ್ 240ರಂಥ ಕೊನೆಯ ಟ್ವಿನ್‌ಶಾಕ್ ಗಾಡಿಗಳ ಡ್ರಮ್ ಬ್ರೇಕಿನ ಮಾರ್ಜೊಕ್ಕಿ ಫೋರ್ಕ್ ನೋಡಿ, ಅದರ ಟಿ, ಚಕ್ರ ಸಮೇತ. ಆದರೂ ಮೊದಲು ನಿಮ್ಮದನ್ನ ಸರಿ ಮಾಡಿ ಓಡಿಸಿ.

ಒಂದು ಮರೆತಿದ್ದೆ. ಮುಂದಿನ ಟೈರಿನಲ್ಲಿ ಗಾಳಿ ಎಷ್ಟಿದೆ? ಟ್ರಯಲ್ಸ್ ಟೈರಿಗೆ 5ರಿಂದ 6 ಪಿಎಸ್ಐ ಸಾಕು. ರಸ್ತೆ ಗಾಡಿಯ ಅಭ್ಯಾಸದಲ್ಲಿ 20 ತುಂಬಿದ್ದರೆ ಮೇಲಿನ ಯಾವುದೂ ಕೆಲಸಕ್ಕೆ ಬರಲ್ಲ. ಸಾದಾ ಗೇಜಿನಲ್ಲಿ ಅಷ್ಟು ಕಮ್ಮಿ ಸರಿಯಾಗಿ ಕಾಣಲ್ಲ, ಕಡಿಮೆ ಒತ್ತಡದ ಗೇಜ್ ತಗೊಳ್ಳಿ.

ಪ್ರಶ್ನೆ: ತೀರ್ಥಹಳ್ಳಿಯಿಂದ. ನನ್ನ ಹಳೇ ಯೆಜ್ಡಿಯ ಫೋರ್ಕ್ ಸೀಲ್ ಎಷ್ಟು ಸಲ ಹಾಕಿಸಿದರೂ ಒಂದು ಮಳೆಗಾಲ ದಾಟಲ್ಲ. ಸೀಲ್ ಡೂಪ್ಲಿಕೇಟಾ?

ಉತ್ತರ: ಸೀಲನ್ನ ಬಯ್ಯೋ ಮೊದಲು ಪೈಪ್ ನೋಡಿ. ನಿಮ್ಮೂರಿನ ಮಳೆಗೆ ಕ್ರೋಮ್ ಕೆಳಗೆ ತುಕ್ಕು ಹಿಡಿದು ಸಾಸಿವೆಗಿಂತ ಸಣ್ಣ ಗುಳಿ ಬಿದ್ದಿರುತ್ತೆ. ಸೀಲ್ ಮೇಲೆ ಕೆಳಗೆ ಓಡಾಡೋ ಜಾಗದಲ್ಲಿ ಹತ್ತಿಯನ್ನ ಪೈಪಿನ ಸುತ್ತ ಸವರಿ. ಎಳೆ ಸಿಕ್ಕಿಕೊಂಡ ಕಡೆ ಗುಳಿ ಇದೆ. ಒಂದೆರಡು ಇದ್ದರೆ ಪೆಟ್ರೋಲ್‌ನಲ್ಲಿ ತೊಳೆದು, ಒಣಗಿಸಿ, ಎಪಾಕ್ಸಿ ಅಂಟು ತುಂಬಿ, ಪೂರ್ತಿ ಗಟ್ಟಿಯಾದ ಮೇಲೆ 1200 ನಂಬರಿನ ನೀರು ಪೇಪರಿನಲ್ಲಿ ಸಮ ಮಾಡಿ. ಬೆರಳುಗುರಿಗೆ ಏನೂ ತಾಗಬಾರದು. ತುಂಬಾ ಇದ್ದರೆ ಹಾರ್ಡ್ ಕ್ರೋಮ್ ಮಾಡಿಸಿ ಗ್ರೈಂಡ್ ಮಾಡಿಸಬೇಕು. ಬೆಂಗಳೂರಿನ ಪೀಣ್ಯದ ಕಡೆ ಈ ಕೆಲಸ ಮಾಡೋರಿದ್ದಾರೆ. ಮನೆಯ ಗ್ರಿಲ್ಲಿಗೆ ಹಾಕೋ ಹೊಳಪು ಕ್ರೋಮ್ ಬೇರೆ, ಇದು ಬೇರೆ. ಕೊಡೋ ಮೊದಲು ಕೇಳಿ ಖಾತ್ರಿ ಮಾಡಿಕೊಳ್ಳಿ.

ಸೀಲ್ ಹಾಕೋವಾಗ ಪೈಪಿನ ಬಾಯಿಗೆ ತೆಳ್ಳನೆ ಪ್ಲಾಸ್ಟಿಕ್ ಕವರ್ ಸುತ್ತಿ, ಮೇಲೆ ಆಯಿಲ್ ಸವರಿ ಜಾರಿಸಿ. ಪೈಪಿನ ಚೂಪಾದ ಅಂಚು ಸೀಲಿನ ತುಟಿ ಹರಿಯೋದೇ ಅಲ್ಲಿ. ರಬ್ಬರ್ ಬೂಟು ಹಾಕಿದ್ದರೆ ಅದರ ಒಳಗೆ ನೀರು ನಿಂತಿದೆಯಾ ಅಂತಲೂ ನೋಡಿ. ಮಳೆಯಿಂದ ಕಾಪಾಡಲಿ ಅಂತ ಹಾಕಿದ ಬೂಟೇ ನೀರು ಹಿಡಿದಿಟ್ಟು ಪೈಪ್ ತಿನ್ನಿಸಿರುತ್ತೆ.

ಪ್ರಶ್ನೆ: ಅಣ್ಣಾ, ಹುಬ್ಬಳ್ಳಿಯಿಂದ ಬರೀತಿದ್ದೀನಿ. ಹಳೇ ಬುಲೆಟ್ 350 ಅನ್ನ ಟ್ರಯಲ್ಸ್ ಥರ ಮಾಡಬೇಕು ಅಂತ ಆಸೆ. ಮುಂದೆ ಉದ್ದದ ಫೋರ್ಕ್ ಹಾಕಿದರೆ ಆಗುತ್ತಾ?

ಉತ್ತರ: ತಮ್ಮಾ, ಬುಲೆಟ್‌ಗೆ ಟ್ರಯಲ್ಸ್ ಹೊಸದಲ್ಲ, ಅದು ಬೆಳೆದದ್ದೇ ಆ ಕಲ್ಲುಗಳ ಮೇಲೆ. 1948ರಲ್ಲಿ ಹಿಂದೆ ಸ್ವಿಂಗ್ ಆರ್ಮ್ ಇರೋ ಹೊಸ ಬುಲೆಟ್ ಹೊರಬಂದದ್ದು ಇಂಗ್ಲೆಂಡಿನ ಟ್ರಯಲ್ಸ್ ಕಣದಲ್ಲೇ. ಅದೇ ವರ್ಷ ಇಟಲಿಯ ಸ್ಯಾನ್ ರೆಮೊದಲ್ಲಿ ನಡೆದ ಅಂತರರಾಷ್ಟ್ರೀಯ ಆರು ದಿನದ ಸ್ಪರ್ಧೆಯಲ್ಲಿ ಚಾರ್ಲಿ ರೋಜರ್ಸ್, ವಿಕ್ ಬ್ರಿಟನ್ ಇಬ್ಬರೂ ಬುಲೆಟ್ ಮೇಲೆ ಚಿನ್ನ ತಂದರು. ವಿಕ್ ಅವರ ಮಗ ಜಾನಿ ಬ್ರಿಟನ್ ರಾಯಲ್ ಎನ್‌ಫೀಲ್ಡ್ ಮೇಲೆ 1952ರಲ್ಲೂ 1957ರಲ್ಲೂ ಸ್ಕಾಟಿಷ್ ಸಿಕ್ಸ್ ಡೇಸ್ ಗೆದ್ದರು. 2019ರಲ್ಲಿ ಭಾರತದಲ್ಲೇ ಬಂದಿದ್ದ ಬುಲೆಟ್ ಟ್ರಯಲ್ಸ್ ಮಾದರಿ ಆ ನೆನಪಿಗೇ ಮಾಡಿದ್ದು.

ಅವರು ಗೆದ್ದದ್ದು ಉದ್ದದ ಫೋರ್ಕಿನಿಂದ ಅಲ್ಲ. ನಿನ್ನ ಗಾಡಿ ಭಾರ ಬುಲ್ಟಾಕೊಗಿಂತ ತುಂಬಾ ಜಾಸ್ತಿ. ಮೂಗು ಎತ್ತಿದಷ್ಟೂ ತಿರುಗಿಸೋದು ಕಷ್ಟ. ಫೋರ್ಕ್ ಉದ್ದ ಹಾಗೇ ಇರಲಿ. ಮೇಲೆ ಹೇಳಿದ ಹಾಗೆ ಉಜ್ಜಾಟ ತೆಗಿ, ಭಾರಕ್ಕೆ ತಕ್ಕ ಸ್ಪ್ರಿಂಗ್ ಹಾಕು, ಹಿಂದಿನ ಸ್ಪ್ರಾಕೆಟ್ ದೊಡ್ಡದು ಮಾಡು. ಕ್ಲಚ್ ಮೆಲ್ಲಗೆ ಬಿಟ್ಟು ನಿಧಾನಕ್ಕೆ ಓಡಿಸೋದನ್ನ ಕಲಿ. ಆರ್‌ಸಿಯಲ್ಲಿ ಇರೋದಕ್ಕೆ ಹೊಂದದ ಬದಲಾವಣೆಗೆ ಮೋಟಾರ್ ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ, ರಸ್ತೆಗೆ ತರೋದಾದರೆ ಆರ್‌ಟಿಓದಲ್ಲಿ ಕೇಳಿಕೊಂಡೇ ಕೈ ಹಾಕು.

ಪ್ರಶ್ನೆ: ಫೋರ್ಕಿಗೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಹಾಕಬಹುದಾ? ನಮ್ಮ ಮೆಕ್ಯಾನಿಕ್ ಎಂಜಿನ್ ಆಯಿಲ್ ಸಾಕು ಅಂತಾರೆ. (ಮೈಸೂರು)

ಉತ್ತರ: ಎಟಿಎಫ್ ಹಾಕಿ. ಹಿಂದೆ ಕೆಲವು ಹೋಂಡಾಗಳಿಗೆ ಕಂಪನಿಯೇ ಅದನ್ನ ಹೇಳಿತ್ತು. 20ಡಬ್ಲ್ಯು-50 ಎಂಜಿನ್ ಆಯಿಲ್ ಫೋರ್ಕಿಗೆ ತೀರಾ ದಪ್ಪ.

ಪ್ರಶ್ನೆ: ಕವೆಂಟ್ರಿಯಿಂದ. ಫೋರ್ಕ್ ಬಾಟಮ್ಮಿನ ಅಲೆನ್ ಬೋಲ್ಟ್ ಬಿಚ್ಚೋಕೆ ಹೋದರೆ ಒಳಗಿನ ರಾಡ್ ಸಮೇತ ಸುಮ್ನೆ ತಿರುಗುತ್ತೆ. ಸ್ಪೆಷಲ್ ಟೂಲ್ ಇಲ್ಲ.

ಉತ್ತರ: ಸ್ಪ್ರಿಂಗ್, ಕ್ಯಾಪ್ ಇನ್ನೂ ಬಿಚ್ಚಿಲ್ಲ ಅಂದರೆ ಬಿಚ್ಚಬೇಡಿ. ಫೋರ್ಕನ್ನ ತಲೆಕೆಳಗಾಗಿ ನೆಲಕ್ಕೆ ಒತ್ತಿ ಹಿಡಿದುಕೊಳ್ಳಿ, ಸ್ಪ್ರಿಂಗಿನ ಒತ್ತಡಕ್ಕೇ ರಾಡ್ ನಿಲ್ಲುತ್ತೆ. ಇಂಪ್ಯಾಕ್ಟ್ ಗನ್ನಿಂದ ಒಂದು ಸಲ ಟರ್ರ್ ಅನ್ನಿಸಿದರೆ ಬೋಲ್ಟ್ ಸಡಿಲ. ಈಗಾಗಲೇ ಬಿಚ್ಚಿಬಿಟ್ಟಿದ್ದರೆ ಹಳೇ ಪೊರಕೆಯ ಮರದ ಹಿಡಿ ತಗೊಂಡು ತುದಿಯನ್ನ ಮೊನೆ ಮಾಡಿ. ಮೇಲಿಂದ ತೂರಿಸಿ ರಾಡಿನ ಬಾಯಿಗೆ ಗಟ್ಟಿಯಾಗಿ ಒತ್ತಿ. ಒಬ್ಬರು ಹಿಡಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಅಲೆನ್ ಕೀ ತಿರುಗಿಸಲಿ. ಬೋಲ್ಟಿನ ಗುಳಿಯಲ್ಲಿ ತುಂಬಿದ ಕೆಸರನ್ನ ಮೊಳೆಯಿಂದ ಕೆರೆದು ತೆಗೆದೇ ಕೀ ಹಾಕಿ, ಇಲ್ಲದಿದ್ದರೆ ಗುಳಿ ಉರುಟಾಗುತ್ತೆ, ಆಮೇಲೆ ಡ್ರಿಲ್ ಹೊಡೆಯೋದೇ ಗತಿ. ವಾಪಸ್ ಹಾಕೋವಾಗ ಆ ಬೋಲ್ಟಿನ ತಾಮ್ರದ ವಾಷರ್ ಹೊಸದು ಹಾಕಿ, ಹಳೇದರಲ್ಲಿ ಆಯಿಲ್ ಜಿನುಗುತ್ತೆ.